ಸ್ವವಿವರದಲ್ಲಿ ಸುಳ್ಳು: ಸಿಕ್ಕ ನೌಕರಿಯೂ ಕೈತಪ್ಪುವ ಬಗೆ

ನಿಟ್ಟೂರು (ಹೊಸನಗರ ತಾಲ್ಲೂಕು): ಕೊಡಚಾದ್ರಿಯ ತಪ್ಪಲಿನ ಈ ಊರಿನಿಂದ ಪದವಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ಯುವಕ ಯುವತಿಯರ ಕೈಚೀಲದಲ್ಲಿ ಸಾಮಾನ್ಯವಾಗಿ ಇರುವುದು ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳು, ವಿಶ್ವವಿದ್ಯಾಲಯದ ಪದವಿ ಪ್ರಮಾಣಪತ್ರ ಹಾಗೂ ಒಂದು ಪುಟದ ಬಯೋಡೇಟಾ. ರಾಜಧಾನಿಯಲ್ಲಿ ಕೆಲವು ತಿಂಗಳು ಅಲೆದ ಬಳಿಕ ಆ ಒಂದು ಪುಟ ಎರಡಾಗುವುದುಂಟು. ಎರಡನೆಯ ಪುಟದಲ್ಲಿ ಅಭ್ಯರ್ಥಿ ಎಂದೂ ಕಾಲಿಡದ ಕಂಪನಿಯೊಂದರಲ್ಲಿ ಎರಡು ವರ್ಷ ದುಡಿದ ‘ಅನುಭವ’ ಸೇರಿರುತ್ತದೆ. ಅದಕ್ಕೆ ಪೂರಕವಾಗಿ ನೇಮಕಾತಿ ಪತ್ರ, ವೇತನ ಚೀಟಿ, ಬಿಡುಗಡೆ ಪತ್ರಗಳೂ ಸಿದ್ಧವಾಗಿರುತ್ತವೆ. ಎಲ್ಲವೂ ಹಣ ಕೊಟ್ಟು ಕೊಂಡವು.

ಬಯೋಡೇಟಾ, ರೆಸ್ಯೂಮೆ, ಸಿ.ವಿ., ಸ್ವವಿವರ ಎಂದು ನಾನಾ ಹೆಸರುಗಳಿಂದ ಕರೆಯಲಾಗುವ ಈ ಕಾಗದದಲ್ಲಿ ಸುಳ್ಳು ಬರೆಯುವುದು ಹೊಸ ಸಂಗತಿಯಲ್ಲ. ಹೊಸತಾಗಿರುವುದು ಸುಳ್ಳನ್ನು ಪತ್ತೆ ಹಚ್ಚುವ ವಿಧಾನ ಮತ್ತು ಅದರ ಪರಿಣಾಮ ಬೆನ್ನಟ್ಟಿ ಬರುವ ದೂರ. ನೌಕರಿ ಸಿಕ್ಕಿದ ಮೇಲೆ ಎಲ್ಲವೂ ಮುಗಿಯಿತು ಎಂಬ ನಂಬಿಕೆ ನೌಕರಿ ಹುಡುಕುವವರಲ್ಲಿ ವ್ಯಾಪಕವಾಗಿದೆ. ನ್ಯಾಯಾಲಯಗಳು ಹೇಳಿರುವುದು ಇದಕ್ಕೆ ತೀರ ವಿರುದ್ಧವಾದುದನ್ನು.

ಬಣ್ಣ ಎಲ್ಲಿ ಮುಗಿಯುತ್ತದೆ, ಸುಳ್ಳು ಎಲ್ಲಿ ಆರಂಭ?

ತನ್ನನ್ನು ತಾನು ಚೆನ್ನಾಗಿ ತೋರಿಸಿಕೊಳ್ಳುವುದು ಸ್ವವಿವರದ ಉದ್ದೇಶವೇ ಆಗಿದೆ. ‘ಪರಿಶ್ರಮಿ’, ‘ತಂಡದೊಡನೆ ಬೆರೆಯುವ ಸ್ವಭಾವ’, ‘ಬೇಗ ಕಲಿಯುವ ಗುಣ’ ಎಂದು ಬರೆದವರ ಮೇಲೆ ಯಾರೂ ಮೊಕದ್ದಮೆ ಹೂಡಿಲ್ಲ. ಇವು ಅಭಿಪ್ರಾಯಗಳು, ಅಳತೆಗೆ ಸಿಗುವುದಿಲ್ಲ. ಸಂದರ್ಶಕರೂ ಇವನ್ನು ಓದದೆ ಮುಂದೆ ಸಾಗುತ್ತಾರೆ ಎಂಬುದು ಬೇರೆ ಮಾತು. ಆದರೆ ದಿನಾಂಕ, ಹುದ್ದೆಯ ಹೆಸರು, ಅಂಕ, ಸಂಬಳ, ಪದವಿ, ಸಂಸ್ಥೆ ಇವು ಸಂಗತಿಗಳು. ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಅದು ಬಣ್ಣ ಹಚ್ಚುವ ಕೆಲಸವಾಗಿ ಉಳಿಯುವುದಿಲ್ಲ.

ನಡುವೆ ಒಂದು ಮಬ್ಬು ಪ್ರದೇಶವೂ ಉಂಟು. ಕ್ಯಾಂಪಸ್ ನೇಮಕಾತಿಗೆ ಬರುವ ಅನೇಕ ಕಂಪನಿಗಳು ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗೆ ಶೇ 60ರ ಗಡಿ ಹಾಕುತ್ತವೆ. ಶೇ 59.4 ಪಡೆದವನು 60 ಎಂದು ಬರೆದರೆ ಅದು ಗಣಿತದ ಪೂರ್ಣಾಂಕವೆನಿಸಬಹುದು. ಕಂಪನಿಯ ಕಣ್ಣಿಗೆ ಅದು ಅನರ್ಹತೆಯನ್ನು ಮರೆಮಾಚಿದಂತೆ. ಇನ್ನೊಂದು ತೊಡಕು ಗ್ರೇಡ್ ಪದ್ಧತಿಯಿಂದ ಬಂದದ್ದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2015ರಲ್ಲಿ ತಂದ ಯೋಜನೆಯಲ್ಲಿ ಸಿ.ಜಿ.ಪಿ.ಎ.ಯಿಂದ 0.75 ಕಳೆದು, ಉಳಿದದ್ದನ್ನು 10ರಿಂದ ಗುಣಿಸಿದರೆ ಶೇಕಡಾವಾರು ದೊರೆಯುತ್ತಿತ್ತು. ಅದರಂತೆ 6.7 ಪಡೆದವನ ಫಲಿತಾಂಶ ಶೇ 59.5. ಸೂತ್ರ ಗೊತ್ತಿಲ್ಲದೆ ನೇರವಾಗಿ ಹತ್ತರಿಂದ ಗುಣಿಸಿದವನು ಶೇ 67 ಎಂದು ಬರೆದಿರುತ್ತಾನೆ. ಸುಳ್ಳು ಹೇಳುವ ಉದ್ದೇಶ ಅವನಿಗಿಲ್ಲ. ಆದರೂ ಪರಿಶೀಲನಾ ವರದಿಯಲ್ಲಿ ಅದು ‘ವ್ಯತ್ಯಾಸ’ ಎಂದೇ ದಾಖಲಾಗುತ್ತದೆ. ಆದ್ದರಿಂದ ಅಂಕಪಟ್ಟಿಯಲ್ಲಿ ಇರುವುದನ್ನು ಇದ್ದ ಹಾಗೆಯೇ ಬರೆದು, ಶೇಕಡಾವಾರು ಕೇಳಿದಲ್ಲಿ ವಿಶ್ವವಿದ್ಯಾಲಯದ ಸೂತ್ರವನ್ನು ನಮೂದಿಸುವುದೇ ಸುರಕ್ಷಿತ.

ತಿಂಗಳುಗಳನ್ನು ಹಿಗ್ಗಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ತಂತ್ರ. ಮಾರ್ಚ್‌ನಲ್ಲಿ ಕೆಲಸ ಬಿಟ್ಟವರು ಡಿಸೆಂಬರ್‌ವರೆಗೆ ಇದ್ದೆವೆಂದು ತೋರಿಸುತ್ತಾರೆ. ಹೆರಿಗೆ, ತಂದೆ ತಾಯಿಯ ಆರೈಕೆ, ಪರೀಕ್ಷಾ ಸಿದ್ಧತೆ ಮುಂತಾದ ಕಾರಣಗಳಿಂದ ಬಿದ್ದ ಖಾಲಿ ಅವಧಿಯನ್ನು ಮುಚ್ಚಲು ಹೀಗೆ ಮಾಡುವವರೇ ಹೆಚ್ಚು. ಖಾಲಿ ಅವಧಿಯನ್ನು ಅಪರಾಧದಂತೆ ಕಾಣುವ ನೇಮಕಾತಿ ವಿಭಾಗಗಳ ಧೋರಣೆಯೂ ಇದಕ್ಕೆ ಹೊಣೆ ಎನ್ನದೆ ವಿಧಿಯಿಲ್ಲ.

ಅನುಭವದ ಮಾರುಕಟ್ಟೆ

ಬೆಂಗಳೂರಿನ ಮಾಹಿತಿ ತಂತ್ರಜ್ಞಾನ ಉದ್ಯಮ ಬೆಳೆದಂತೆ ಅನುಭವವೆಂಬುದು ಮಾರಾಟದ ಸರಕಾಯಿತು. ಕಾರಣ ಸರಳ. ಹೊಸಬರಿಗೆ ಹುದ್ದೆಗಳು ಕಡಿಮೆ, ಸಂಬಳವೂ ಕಡಿಮೆ. ಎರಡು, ಮೂರು ವರ್ಷ ಅನುಭವ ಇರುವವರಿಗೆ ಹುದ್ದೆಗಳು ಹೆಚ್ಚು, ಸಂಬಳ ಹಲವು ಪಟ್ಟು. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ ಎಂಬ ಈ ಸುಳಿಯ ನಡುವೆ ‘ಕನ್ಸಲ್ಟೆನ್ಸಿ’ ಹೆಸರಿನ ಮಧ್ಯವರ್ತಿ ನಿಂತಿದ್ದಾನೆ. ನಗರದಲ್ಲಿ ಸಾಫ್ಟ್‌ವೇರ್ ತರಬೇತಿ ಕೇಂದ್ರಗಳು ದಟ್ಟವಾಗಿರುವ ಮಾರತ್ತಹಳ್ಳಿ, ಬಿಟಿಎಂ ಬಡಾವಣೆಗಳಲ್ಲಿ ಪ್ರಾಮಾಣಿಕವಾಗಿ ಪಾಠ ಹೇಳುವ ಸಂಸ್ಥೆಗಳು ಬಹಳಷ್ಟಿವೆ. ತರಬೇತಿಯ ಜೊತೆಗೆ ‘ಅನುಭವ’ವನ್ನೂ ಸೇರಿಸಿ ಕೊಡುತ್ತೇವೆ ಎನ್ನುವವರು ಬರುವುದೂ ಇದೇ ಗಿರಾಕಿಗಳನ್ನು ಹುಡುಕಿಕೊಂಡು.

ಕೊಂಡವನಿಗೆ ದೊರೆಯುವುದು ಒಂದು ಕಟ್ಟು ಕಾಗದ. ನೇಮಕಾತಿ ಪತ್ರ, ತಿಂಗಳವಾರು ವೇತನ ಚೀಟಿ, ಸಂಬಳ ಏರಿಕೆಯ ಪತ್ರ, ಬಿಡುಗಡೆ ಪತ್ರ, ಅನುಭವ ಪ್ರಮಾಣಪತ್ರ, ಕೆಲವೊಮ್ಮೆ ತಿದ್ದಿದ ಬ್ಯಾಂಕ್ ವಿವರ ಮತ್ತು ಫಾರಂ 16. ಕಂಪನಿ ಕಾಗದದ ಮೇಲೆ ಮಾತ್ರ ಇರಬಹುದು. ಹಿಂದೆ ಇದ್ದು ಬಾಗಿಲು ಮುಚ್ಚಿದ್ದೂ ಇರಬಹುದು. ಪರಿಶೀಲನೆಗೆಂದು ಕರೆ ಬಂದರೆ ‘ಹೌದು, ನಮ್ಮಲ್ಲಿದ್ದರು’ ಎನ್ನಲು ಒಂದು ದೂರವಾಣಿ ಸಂಖ್ಯೆ, ಉತ್ತರಿಸಲು ಒಂದು ಇ-ಮೇಲ್ ವಿಳಾಸವೂ ಆ ಕಟ್ಟಿನ ಭಾಗ. ವಿಡಿಯೊ ಸಂದರ್ಶನಗಳು ಬಂದ ಮೇಲೆ ಅಭ್ಯರ್ಥಿಯ ಬದಲು ಬೇರೊಬ್ಬ ಕುಳಿತು ಉತ್ತರಿಸುವ ‘ಪ್ರಾಕ್ಸಿ’ ಸೇವೆಯೂ ಸೇರಿಕೊಂಡಿತು.

ಈ ವ್ಯವಹಾರ ದೊಡ್ಡ ಕಂಪನಿಗಳ ಒಳಗೂ ತಲುಪಿದ್ದು 2022ರ ನವೆಂಬರ್‌ನಲ್ಲಿ ಬಹಿರಂಗವಾಯಿತು. ಭಾರತದಲ್ಲಿ ಉದ್ಯೋಗಾನುಭವವನ್ನು ಸೃಷ್ಟಿಸಲು ಕೆಲವು ಕಂಪನಿಗಳ ದಾಖಲೆ ಮತ್ತು ಅನುಭವ ಪತ್ರಗಳನ್ನು ಬಳಸುವ ಜಾಲವೊಂದು ತನ್ನ ಗಮನಕ್ಕೆ ಬಂದಿದೆ, ಹಾಗೆ ಮಾಡಿರುವುದು ಖಚಿತವಾದವರನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ಆಕ್ಸೆಂಚರ್ ಆಗ ತಿಳಿಸಿತು. ಗಮನಿಸಬೇಕಾದ ಅಂಶವೆಂದರೆ, ಕೆಲಸ ಕಳೆದುಕೊಂಡವರು ಸಂದರ್ಶನವನ್ನು ದಾಟಿ ಒಳಗೆ ದುಡಿಯುತ್ತಿದ್ದವರು. ಕೆಲಸ ಬರುವುದಿಲ್ಲ ಎಂಬುದು ಅವರ ಮೇಲಿದ್ದ ಆರೋಪವಲ್ಲ.

ಪತ್ರ ಮಾರಿದವನಿಗೆ ಏನಾಗುತ್ತದೆ? ಆತ ಕಚೇರಿಯ ಹೆಸರು ಬದಲಿಸಿ ಇನ್ನೊಂದು ಬೀದಿಗೆ ಹೋಗುತ್ತಾನೆ. ಕೊಂಡವನ ಹೆಸರು, ಆಧಾರ್, ಪ್ಯಾನ್ ಸಂಖ್ಯೆಗಳು ಮಾತ್ರ ದಾಖಲೆಯಲ್ಲಿ ಉಳಿಯುತ್ತವೆ. ತೋಟದ ಮೇಲೆ ಸಾಲ ತೆಗೆದು ಮಗನ ‘ಕೋರ್ಸಿಗೆ’ ಹಣ ಕಳುಹಿಸಿದ ಮಲೆನಾಡಿನ ಕುಟುಂಬಕ್ಕೆ ಕೊನೆಗೆ ಸಾಲವೊಂದೇ ಉಳಿಯುವ ಸಂಭವ ಹೆಚ್ಚು. ದೂರು ಕೊಡೋಣವೆಂದರೆ ತಾನೂ ಅಪರಾಧದಲ್ಲಿ ಪಾಲುದಾರ. ಮಾರಾಟಗಾರನ ಧೈರ್ಯಕ್ಕೆ ಇದೇ ಆಧಾರ.

ಪತ್ತೆಯಾಗುವುದು ಹೇಗೆ?

2000ರ ದಶಕದ ಆರಂಭದಲ್ಲಿ ಪರಿಶೀಲನೆ ಎಂದರೆ ಹಿಂದಿನ ಕಂಪನಿಗೆ ಒಂದು ದೂರವಾಣಿ ಕರೆ. ಹೊರಗುತ್ತಿಗೆ ಕೇಂದ್ರಗಳಲ್ಲಿ ವಿದೇಶಿ ಗ್ರಾಹಕರ ಮಾಹಿತಿ ದುರ್ಬಳಕೆಯ ಪ್ರಕರಣಗಳು ಸುದ್ದಿಯಾದ ಬಳಿಕ, ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟವಾದ ನ್ಯಾಸ್ಕಾಮ್ 2006ರಲ್ಲಿ ‘ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ’ ಆರಂಭಿಸಿತು. ಉದ್ಯೋಗಿಯ ಭಾವಚಿತ್ರ, ಬೆರಳಚ್ಚು, ವಿದ್ಯಾರ್ಹತೆ ಮತ್ತು ಹಿಂದಿನ ನೌಕರಿಗಳ ವಿವರವನ್ನು ಒಂದೆಡೆ ಇರಿಸುವುದು ಅದರ ಉದ್ದೇಶ. ಒಮ್ಮೆ ಪರಿಶೀಲನೆಗೊಂಡ ವಿವರ ಮುಂದಿನ ಕಂಪನಿಗೂ ದೊರೆಯುವಂತಾಯಿತು.

ನಿಜವಾದ ತಿರುವು ಬಂದದ್ದು ಭವಿಷ್ಯ ನಿಧಿಯಿಂದ. 2014ರಲ್ಲಿ ನೌಕರರ ಭವಿಷ್ಯ ನಿಧಿ ಸಂಘಟನೆ ಪ್ರತಿ ಸದಸ್ಯನಿಗೆ ಜೀವನಪರ್ಯಂತ ಒಂದೇ ಖಾತೆ ಸಂಖ್ಯೆಯನ್ನು, ಅಂದರೆ ಯು.ಎ.ಎನ್. ಅನ್ನು ನೀಡಲಾರಂಭಿಸಿತು. ಯಾವ ಸಂಸ್ಥೆಯಲ್ಲಿ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ವಂತಿಗೆ ಜಮೆಯಾಗಿದೆ ಎಂಬುದು ಅದರ ಪಾಸ್‌ಬುಕ್ಕಿನಲ್ಲಿ ಸಾಲುಸಾಲಾಗಿ ಕಾಣುತ್ತದೆ. ಹಿಗ್ಗಿಸಿದ ತಿಂಗಳುಗಳು, ಒಂದೇ ಕಾಲಕ್ಕೆ ಎರಡು ಕಡೆ ಮಾಡಿದ ನೌಕರಿ, ಮರೆಮಾಚಿದ ಹಳೆಯ ಕಂಪನಿ ಎಲ್ಲವೂ ಅಲ್ಲಿ ಬಯಲು. ಆದಾಯ ತೆರಿಗೆಯ 26ಎಎಸ್ ವಿವರ ಮೂಲದಲ್ಲಿ ಕಡಿತಗೊಂಡ ತೆರಿಗೆಯನ್ನು ತೋರಿಸುತ್ತದೆ. ಕಂಪನಿ ಯಾವಾಗ ನೋಂದಣಿಯಾಯಿತು, ಈಗ ಜೀವಂತವಾಗಿದೆಯೇ ಎಂಬುದನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. 2015ರಲ್ಲಿ ಆರಂಭವಾದ ಡಿಜಿಲಾಕರ್‌ಗೆ ಪರೀಕ್ಷಾ ಮಂಡಳಿಗಳು, ವಿಶ್ವವಿದ್ಯಾಲಯಗಳು ಅಂಕಪಟ್ಟಿಗಳನ್ನು ನೇರವಾಗಿ ಸೇರಿಸುತ್ತಿರುವುದರಿಂದ ನಕಲಿ ಅಂಕಪಟ್ಟಿಯನ್ನು ಅಸಲಿಯೊಂದಿಗೆ ಹೋಲಿಸುವುದು ನಿಮಿಷಗಳ ಕೆಲಸವಾಗಿದೆ.

ಇದರಲ್ಲಿ ಒಂದು ವಿಪರ್ಯಾಸವಿದೆ. ಭವಿಷ್ಯ ನಿಧಿ ಕಾಯ್ದೆ ಸಾಮಾನ್ಯವಾಗಿ 20 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಅನ್ವಯ. ಹೊಸನಗರದ ಅಂಗಡಿಯಲ್ಲೋ ಸಾಗರದ ಲೆಕ್ಕಪರಿಶೋಧಕರ ಚಿಕ್ಕ ಕಚೇರಿಯಲ್ಲೋ ಮೂರು ವರ್ಷ ನಿಜವಾಗಿ ದುಡಿದವನ ಬಳಿ ಪಿ.ಎಫ್. ದಾಖಲೆಯೂ ಇಲ್ಲ, ಫಾರಂ 16 ಕೂಡ ಇಲ್ಲ. ಸಂಬಳ ನಗದಾಗಿ ಬಂದಿದ್ದರೆ ಬ್ಯಾಂಕಿನ ಗುರುತೂ ಇಲ್ಲ. ಹಣ ಕೊಟ್ಟು ಸುಳ್ಳು ಕೊಂಡವನ ಬಳಿ ಕಡತವೇ ಇದೆ. ನಿಜ ಹೇಳುವವನ ಬಳಿ ಬರೀ ಮಾತು. ಪರಿಶೀಲನೆಯ ಯಂತ್ರ ಬಿಗಿಯಾದಷ್ಟೂ ಇಂಥ ಸಣ್ಣ ಊರುಗಳ ಪ್ರಾಮಾಣಿಕ ಅನುಭವ ಸಾಬೀತಾಗದೆ ಉಳಿಯುವ ಅಪಾಯವಿದೆ. ಈ ಬಗ್ಗೆ ಕಂಪನಿಗಳು ಯೋಚಿಸಿರುವಂತೆ ಕಾಣುವುದಿಲ್ಲ.

ಅಂಕಪಟ್ಟಿಯೇ ಆಯ್ಕೆಯಾದಾಗ

ಸರ್ಕಾರಿ ನೌಕರಿಯಲ್ಲಿ ಸುಳ್ಳಿನ ರೂಪ ಬೇರೆ. ಅಲ್ಲಿ ಅನುಭವಕ್ಕಿಂತ ಅಂಕ, ವಯಸ್ಸು, ಜಾತಿ, ಮೀಸಲಾತಿ ಪ್ರಮಾಣಪತ್ರಗಳೇ ನಿರ್ಣಾಯಕ. ಲಿಖಿತ ಪರೀಕ್ಷೆ ಇಲ್ಲದೆ ಕೇವಲ ಅಂಕಗಳ ಮೇಲೆ ಆಯ್ಕೆ ನಡೆಯುವ ಕಡೆ ಅಂಕಪಟ್ಟಿಯೇ ನಕಲಿಗೆ ಗುರಿಯಾಗುತ್ತದೆ. ರಾಜ್ಯದ ಜಲಸಂಪನ್ಮೂಲ ಇಲಾಖೆಯ 182 ಬ್ಯಾಕ್‌ಲಾಗ್ ದ್ವಿತೀಯ ದರ್ಜೆ ಸಹಾಯಕ ಹುದ್ದೆಗಳ ನೇಮಕಾತಿಯಲ್ಲಿ ನಕಲಿ ಅಂಕಪಟ್ಟಿ ಸಲ್ಲಿಸಿದ ಆರೋಪದ ಮೇಲೆ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು 48 ಮಂದಿಯನ್ನು ಬಂಧಿಸಿದ ಸಂಗತಿ 2024ರಲ್ಲಿ ಹೊರಬಂತು. ಬಂಧಿತರಲ್ಲಿ 37 ಮಂದಿ ಅಭ್ಯರ್ಥಿಗಳು, ಉಳಿದವರು ಮಧ್ಯವರ್ತಿಗಳು. ಹತ್ತನೇ ತರಗತಿಯ ಅಂಕಗಳ ಮೇಲೆಯೇ ಆಯ್ಕೆ ನಡೆಯುವ ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ ಹುದ್ದೆಗಳಲ್ಲೂ ನಕಲಿ ಅಂಕಪಟ್ಟಿಯ ಪ್ರಕರಣಗಳು ಹಲವು ರಾಜ್ಯಗಳಲ್ಲಿ ದಾಖಲಾಗಿವೆ. ಮಲೆನಾಡಿನ ಹಳ್ಳಿಯ ಅಂಚೆ ಶಾಖೆಗೆ ಬರಬೇಕಾದ ಸ್ಥಳೀಯ ಅಭ್ಯರ್ಥಿ ಇಂಥ ಒಂದು ಕಾಗದದಿಂದಾಗಿ ಪಟ್ಟಿಯಲ್ಲಿ ಕೆಳಕ್ಕೆ ಜಾರುತ್ತಾನೆ.

ಪದವಿಯ ಮಟ್ಟದಲ್ಲಿ ವಿಶ್ವವಿದ್ಯಾಲಯವೇ ನಕಲಿಯಾಗಿರುವುದೂ ಉಂಟು. ವಿಶ್ವವಿದ್ಯಾಲಯ ಅನುದಾನ ಆಯೋಗ ಪ್ರಕಟಿಸುತ್ತ ಬಂದ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಗೋಕಾಕದ ‘ಬಡಗಾನ್ವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಜುಕೇಷನ್ ಸೊಸೈಟಿ’ಯ ಹೆಸರು ಹಲವು ವರ್ಷ ಕಾಣಿಸಿಕೊಂಡಿತು. ಪದವಿ ನೀಡುವ ಅಧಿಕಾರ ಯಾರಿಗೆ ಎಂಬುದನ್ನು 1956ರ ಯು.ಜಿ.ಸಿ. ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ಅದನ್ನು ಮೀರಿದವರಿಗೆ 24ನೇ ಸೆಕ್ಷನ್ ವಿಧಿಸುವ ದಂಡ ಗರಿಷ್ಠ 1,000 ರೂಪಾಯಿ! ಅರ್ಧ ಶತಮಾನ ದಾಟಿದ ಈ ಮೊತ್ತ ಇಂದು ಒಂದು ದಿನದ ಹೋಟೆಲ್ ಬಾಡಿಗೆಗೂ ಸಾಲದು.

ಸುಳ್ಳಿಗೂ ದುರದೃಷ್ಟಕ್ಕೂ ಇರುವ ಅಂತರವನ್ನು ಇಲ್ಲಿ ಮರೆಯಬಾರದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕೋರ್ಸುಗಳಿಗೆ 2012–13ರ ನಂತರ ಮಾನ್ಯತೆ ಇಲ್ಲವೆಂದು ಯು.ಜಿ.ಸಿ. 2015ರಲ್ಲಿ ಪ್ರಕಟಿಸಿದಾಗ, ಪ್ರಾಮಾಣಿಕವಾಗಿ ಓದಿ ಪರೀಕ್ಷೆ ಬರೆದ ಸಾವಿರಾರು ಮಂದಿಯ ಪದವಿ ಪ್ರಶ್ನೆಗೊಳಗಾಯಿತು. ವಿಶ್ವವಿದ್ಯಾಲಯಕ್ಕೆ ಮತ್ತೆ ಮಾನ್ಯತೆ ದೊರೆತದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಸ್ವವಿವರದಲ್ಲಿ ಆ ಪದವಿಯನ್ನು ಬರೆದವರು ಸುಳ್ಳುಗಾರರಲ್ಲ. ಇಂಥವರು ವರ್ಷವನ್ನೂ ಅಧ್ಯಯನದ ವಿಧಾನವನ್ನೂ ಸ್ಪಷ್ಟವಾಗಿ ನಮೂದಿಸುವುದು ಒಳಿತು.

ನಿಟ್ಟೂರಿನವರಿಗೆ ಸಂಬಂಧಿಸಿದ ಮೂರು ಕಾಗದಗಳು

ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ಜಾತಿ ಮೀಸಲಾತಿಯ ಒಳಗೆ ಇನ್ನೂ ಕೆಲವು ಸಮತಳ ಮೀಸಲಾತಿಗಳಿವೆ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ 25, ಅದೇ ತರಗತಿಗಳನ್ನು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಯೋಜನೆಗಳಿಂದ ನಿರಾಶ್ರಿತರಾದ ಕುಟುಂಬದವರಿಗೆ ಶೇ 5. ನಿಟ್ಟೂರಿನಲ್ಲಿ ಓದಿದ ಅಭ್ಯರ್ಥಿ ಮೊದಲೆರಡಕ್ಕೆ ಸಹಜವಾಗಿಯೇ ಅರ್ಹನಾಗಿರುವ ಸಾಧ್ಯತೆ ಹೆಚ್ಚು. ಲಿಂಗನಮಕ್ಕಿ, ಚಕ್ರಾ, ಸಾವೇಹಕ್ಲು, ವಾರಾಹಿ ಯೋಜನೆಗಳ ನೀರು ನುಂಗಿದ ಈ ಸೀಮೆಯಲ್ಲಿ ಮೂರನೆಯದಕ್ಕೆ ಹಕ್ಕುಳ್ಳ ಕುಟುಂಬಗಳೂ ಕಡಿಮೆಯಿಲ್ಲ.

ನಕಲಿಗೆ ಆಸ್ಪದವಿರುವುದೂ ಇಲ್ಲಿಯೇ. ನಾಲ್ಕು ವರ್ಷ ಶಿವಮೊಗ್ಗದ ಶಾಲೆಯಲ್ಲಿ ಓದಿ ಉಳಿದ ಆರು ವರ್ಷ ಹಳ್ಳಿಯಲ್ಲಿದ್ದವನು ಗ್ರಾಮೀಣ ಅಭ್ಯರ್ಥಿಯಾಗಲಾರ. ಹತ್ತು ವರ್ಷಗಳಲ್ಲಿ ಒಂದೇ ವರ್ಷ ಆಂಗ್ಲ ಮಾಧ್ಯಮದಲ್ಲಿದ್ದರೂ ಕನ್ನಡ ಮಾಧ್ಯಮದ ಹಕ್ಕು ಇಲ್ಲ. ‘ನಮ್ಮ ಮೇಷ್ಟ್ರೇ ಅಲ್ವಾ, ಬರೆದು ಕೊಡ್ತಾರೆ’ ಎಂಬ ಸಲುಗೆಯಲ್ಲಿ ಪಡೆದ ಪ್ರಮಾಣಪತ್ರ ಶಾಲೆಯ ದಾಖಲಾತಿ ಪುಸ್ತಕಕ್ಕೆ ಹೊಂದದಿದ್ದರೆ, ಸಹಿ ಮಾಡಿದ ಮುಖ್ಯ ಶಿಕ್ಷಕರೂ ಅಭ್ಯರ್ಥಿಯೊಂದಿಗೆ ತೊಂದರೆಗೆ ಸಿಲುಕುತ್ತಾರೆ. ಸುಳ್ಳು ಜಾತಿ ಪ್ರಮಾಣಪತ್ರದ ದೂರುಗಳ ತನಿಖೆಗಂತೂ ರಾಜ್ಯದಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವೇ ಇದೆ.

ವರ್ಷಗಳು ಕಳೆದರೂ ಅಳಿಯದ ದೋಷ

‘ಹತ್ತು ವರ್ಷ ಚೆನ್ನಾಗಿ ಕೆಲಸ ಮಾಡಿದ್ದೇನೆ, ಈಗ ತೆಗೆಯುವುದು ಅನ್ಯಾಯ’ ಎಂಬ ವಾದ ನ್ಯಾಯಾಲಯಗಳ ಮುಂದೆ ಹಲವು ಬಾರಿ ಬಂದಿದೆ. ಹಂಗಾಮಿ ಕಾರ್ಮಿಕರಾಗಿ ದುಡಿದಿದ್ದೇವೆಂಬ ನಕಲಿ ಸೇವಾ ಕಾರ್ಡುಗಳನ್ನು ತೋರಿಸಿ ರೈಲ್ವೆಯಲ್ಲಿ ನೌಕರಿ ಪಡೆದವರ ಪ್ರಕರಣ ಇಂದಿನ ನಕಲಿ ಅನುಭವ ಪತ್ರಗಳಿಗೆ ಅತಿ ಹತ್ತಿರದ್ದು. ಎಂ. ಭಾಸ್ಕರನ್ ಪ್ರಕರಣವೆಂದು ಹೆಸರಾದ ಅದರಲ್ಲಿ 1995ರಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ವಂಚನೆಯಿಂದ ಪಡೆದ ನೇಮಕವನ್ನು ಉದ್ಯೋಗದಾತ ರದ್ದುಪಡಿಸಬಹುದು, ನಡುವೆ ಕಳೆದ ವರ್ಷಗಳು ನೌಕರನ ಪರವಾಗಿ ಯಾವ ಹಕ್ಕನ್ನೂ ಸೃಷ್ಟಿಸುವುದಿಲ್ಲ ಎಂದಿತು. 2004ರ ಆರ್. ವಿಶ್ವನಾಥ ಪಿಳ್ಳೈ ಪ್ರಕರಣದಲ್ಲಿ ಕೇರಳದ ಪೊಲೀಸ್ ಅಧಿಕಾರಿ ಸುಮಾರು 27 ವರ್ಷ ಸೇವೆ ಸಲ್ಲಿಸಿದ್ದರು. ಸುಳ್ಳು ಜಾತಿ ಪ್ರಮಾಣಪತ್ರದಿಂದ ಪಡೆದ ನೇಮಕ ಆರಂಭದಿಂದಲೇ ನೇಮಕವಲ್ಲವೆಂದು ತೀರ್ಮಾನವಾಗಿ, ನಿವೃತ್ತಿ ಸೌಲಭ್ಯದ ಕೋರಿಕೆಯೂ ಬಿದ್ದುಹೋಯಿತು. 2017ರಲ್ಲಿ ಭಾರತೀಯ ಆಹಾರ ನಿಗಮದ ಪ್ರಕರಣವೊಂದರಲ್ಲೂ ದೀರ್ಘ ಸೇವೆಯ ಆಸರೆ ದೊರೆಯಲಿಲ್ಲ.

ಅರ್ಹತೆಯನ್ನು ಹೆಚ್ಚಿಸಿ ಹೇಳಿದರೆ ಮಾತ್ರ ತಪ್ಪು ಎಂದುಕೊಂಡವರಿಗೆ 2020ರ ನವೆಂಬರ್ 3ರ ತೀರ್ಪು ಅಚ್ಚರಿ ತರಬಹುದು. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಜವಾನ ಹುದ್ದೆಗೆ 12ನೇ ತರಗತಿ ಪಾಸಾಗಿರಬೇಕು, ಪದವೀಧರನಾಗಿರಬಾರದು ಎಂಬ ಷರತ್ತಿತ್ತು. ಒಡಿಶಾದ ಅಭ್ಯರ್ಥಿಯೊಬ್ಬರು ತಾವು 2014ರಲ್ಲೇ ಪದವಿ ಪಡೆದಿದ್ದನ್ನು ಮರೆಮಾಚಿ ಅರ್ಜಿ ಹಾಕಿದ್ದರು. ಹೈಕೋರ್ಟ್ ಅವರ ಪರ ನಿಂತರೂ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹೆಚ್ಚು ಓದಿದ್ದು ಅಪರಾಧವಲ್ಲ, ಮುಚ್ಚಿಟ್ಟದ್ದು ತಪ್ಪು ಎಂಬುದು ತೀರ್ಪಿನ ತಿರುಳು. ಪದವೀಧರನೊಬ್ಬ ಜವಾನನಾಗಲು ತನ್ನ ಪದವಿಯನ್ನೇ ಬಚ್ಚಿಡಬೇಕಾದ ಸ್ಥಿತಿಯ ಬಗ್ಗೆ ನಿರುದ್ಯೋಗದ ಅಂಕಿಅಂಶಗಳಿಗಿಂತ ಈ ಒಂದು ಮೊಕದ್ದಮೆ ಹೆಚ್ಚು ಹೇಳುತ್ತದೆ.

ಹಾಗೆಂದು ನ್ಯಾಯಾಲಯ ಎಲ್ಲ ಮರೆವನ್ನೂ ಒಂದೇ ತಕ್ಕಡಿಯಲ್ಲಿ ತೂಗಿಲ್ಲ. ಪೊಲೀಸ್ ಮೊಕದ್ದಮೆಗಳ ವಿವರ ಮುಚ್ಚಿಟ್ಟ ನೌಕರರ ಬಗ್ಗೆ 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಮಾರ್ಗಸೂಚಿ ನೀಡಿತು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ನಮೂದಿಸದಿದ್ದರೆ ಉದ್ಯೋಗದಾತ ವಿವೇಚನೆ ಬಳಸಿ ಕ್ಷಮಿಸಬಹುದು ಎಂಬುದು ಅದರಲ್ಲೊಂದು. 1951ರ ಕಾಗೋಡು ಸತ್ಯಾಗ್ರಹದಿಂದ ಮೊದಲ್ಗೊಂಡು ಚಳವಳಿಗಳ ಪರಂಪರೆಯಿರುವ ಸಾಗರ, ಹೊಸನಗರ, ತೀರ್ಥಹಳ್ಳಿ ಭಾಗದ ಯುವಕರಿಗೆ ಈ ಅಂಶ ತಿಳಿದಿರುವುದು ಉಪಯುಕ್ತ. ಬರೀ ಮುಚ್ಚಿಟ್ಟರೆಂಬ ಕಾರಣಕ್ಕೆ ಯಾಂತ್ರಿಕವಾಗಿ ವಜಾ ಮಾಡುವಂತಿಲ್ಲ ಎಂದು 2022ರಲ್ಲಿ, ರೈಲ್ವೆ ರಕ್ಷಣಾ ಪಡೆಯ ಪವನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿತು. ಕೇಳಿದ್ದಕ್ಕೆ ಸತ್ಯ ಹೇಳಿದವನನ್ನು ನೇಮಿಸಲೇಬೇಕೆಂದೇನೂ ಇಲ್ಲ. ಆದರೆ ಆತನ ಅರ್ಜಿಯನ್ನು ಅದರ ಗುಣದ ಮೇಲೆ ಪರಿಗಣಿಸುವ ಅವಕಾಶ ಉಳಿಯುತ್ತದೆ.

ಖಾಸಗಿ ಕಂಪನಿಯಲ್ಲಿ ಇಷ್ಟೊಂದು ವಿಚಾರಣೆಯೂ ಇರುವುದಿಲ್ಲ. ನೀಡಿದ ಮಾಹಿತಿ ಸುಳ್ಳೆಂದು ಕಂಡುಬಂದರೆ ಯಾವಾಗ ಬೇಕಾದರೂ ನೇಮಕ ರದ್ದು ಎಂಬ ವಾಕ್ಯ ಬಹುತೇಕ ನೇಮಕಾತಿ ಪತ್ರಗಳಲ್ಲಿರುತ್ತದೆ. ಸಂತೋಷದಲ್ಲಿ ಸಹಿ ಹಾಕುವವರು ಅದನ್ನು ಓದುವುದು ಅಪರೂಪ. ಕ್ರಿಮಿನಲ್ ಕಾನೂನಿನ ದಾರಿ ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆ 318ನೇ ಸೆಕ್ಷನ್, ಖೋಟಾ ದಾಖಲೆ ಸೃಷ್ಟಿ 336ನೇ ಸೆಕ್ಷನ್‌ನಲ್ಲಿದೆ. ವಂಚನೆಯ ಉದ್ದೇಶದಿಂದ ದಾಖಲೆ ಸೃಷ್ಟಿಸಿದರೆ 7 ವರ್ಷದವರೆಗೆ ಸೆರೆವಾಸ ಮತ್ತು ದಂಡ. ಸೃಷ್ಟಿಸಿದವನು ಬೇರೆಯಾದರೂ, ಖೋಟಾ ಎಂದು ತಿಳಿದು ಅದನ್ನು ಅಸಲಿಯೆಂದು ಬಳಸಿದವನಿಗೆ 340ನೇ ಸೆಕ್ಷನ್ ಪ್ರಕಾರ ಅದೇ ಶಿಕ್ಷೆ. ‘ನಾನು ಮಾಡಿಸಿದ್ದಲ್ಲ, ಕನ್ಸಲ್ಟೆನ್ಸಿಯವರು ಕೊಟ್ಟದ್ದು’ ಎಂಬ ಸಮಜಾಯಿಷಿ ಅಲ್ಲಿ ನಿಲ್ಲುವುದು ಕಷ್ಟ.

ದೊಡ್ಡವರ ಸುಳ್ಳು

ಬಡ ಪದವೀಧರರಷ್ಟೇ ಈ ದಾರಿ ಹಿಡಿದವರಲ್ಲ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಪ್ರವೇಶ ವಿಭಾಗದ ಮುಖ್ಯಸ್ಥೆ ಮೆರಿಲಿ ಜೋನ್ಸ್, ಇಲ್ಲದ ಪದವಿಗಳನ್ನು ನಮೂದಿಸಿದ್ದು ಬಯಲಾಗಿ 28 ವರ್ಷಗಳ ಸೇವೆಯ ನಂತರ 2007ರಲ್ಲಿ ರಾಜೀನಾಮೆ ನೀಡಿದರು. ಲೆಕ್ಕಶಾಸ್ತ್ರದ ಪದವಿ ಮಾತ್ರ ಇದ್ದ ಸ್ಕಾಟ್ ಥಾಂಪ್ಸನ್ ಅವರ ವಿವರದಲ್ಲಿ ಕಂಪ್ಯೂಟರ್ ವಿಜ್ಞಾನವೂ ಸೇರಿದ್ದು ಗೊತ್ತಾಗಿ, ಯಾಹೂ ಮುಖ್ಯಸ್ಥರಾದ ನಾಲ್ಕೇ ತಿಂಗಳಲ್ಲಿ, 2012ರ ಮೇ ತಿಂಗಳಲ್ಲಿ ಅವರು ಹೊರನಡೆಯಬೇಕಾಯಿತು.

ಬ್ರಿಟನ್ನಿನ ಜಾನ್ ಆಂಡ್ರೂಸ್ ಪ್ರಕರಣ ಇನ್ನೂ ಕುತೂಹಲಕರ. ಇಲ್ಲದ ವಿದ್ಯಾರ್ಹತೆಗಳನ್ನು ತೋರಿಸಿ 2004ರಲ್ಲಿ ಟಾಂಟನ್‌ನ ಶುಶ್ರೂಷಾ ಸಂಸ್ಥೆಯೊಂದರ ಮುಖ್ಯಾಧಿಕಾರಿಯಾದ ಆತ ಕೆಲಸವನ್ನು ಚೆನ್ನಾಗಿಯೇ ನಿಭಾಯಿಸಿದ್ದ. 2017ರಲ್ಲಿ 2 ವರ್ಷ ಸೆರೆವಾಸವಾಯಿತು. ದುಡಿದು ಪಡೆದ ಸಂಬಳವನ್ನು ಹಿಂದಿರುಗಿಸಬೇಕೇ ಎಂಬ ಪ್ರಶ್ನೆ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಪೂರ್ತಿ ಸಂಬಳ ಕಸಿಯುವುದು ಅತಿಯಾದೀತು, ಏನನ್ನೂ ಕಸಿಯದಿರುವುದು ಸರಿಯಲ್ಲ. ಸುಳ್ಳಿನಿಂದ ಗಳಿಸಿದ್ದಕ್ಕೂ ನಿಜ ಹೇಳಿದ್ದರೆ ಗಳಿಸಬಹುದಾಗಿದ್ದಕ್ಕೂ ಇರುವ ವ್ಯತ್ಯಾಸವನ್ನು ವಸೂಲು ಮಾಡಬಹುದು ಎಂದು 2022ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಕೆಳ ನ್ಯಾಯಾಲಯ ವಿಧಿಸಿದ್ದ 96,737 ಪೌಂಡ್‌ಗಳ ಆದೇಶ ಊರ್ಜಿತವಾಯಿತು.

ಬರೆಯದೆ ಉಳಿಯುವ ಅನುಭವ

ಸುಳ್ಳಿನ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆಯಾಗುವ ಇನ್ನೊಂದು ಮುಖವಿದೆ. ಗ್ರಾಮೀಣ ಅಭ್ಯರ್ಥಿಗಳ ಸ್ವವಿವರದಲ್ಲಿ ಇಲ್ಲದ್ದು ಸೇರುವಂತೆಯೇ ಇದ್ದದ್ದು ಬಿಟ್ಟುಹೋಗುತ್ತದೆ. ಕೊಡಚಾದ್ರಿಗೆ ಬರುವ ಪ್ರವಾಸಿಗರಿಗಾಗಿ ಜೀಪು ಮತ್ತು ಹೋಂಸ್ಟೇ ಬುಕ್ಕಿಂಗ್ ನೋಡಿಕೊಂಡವನು ಅದನ್ನು ‘ಕೆಲಸ’ವೆಂದೇ ಎಣಿಸುವುದಿಲ್ಲ. ಕೊಯ್ಲಿನ ಕಾಲದಲ್ಲಿ ಸುಲಿತದವರ ಹಾಜರಿ, ಕೂಲಿಯ ಲೆಕ್ಕ ಬರೆದವಳು, ಖೇಣಿ ಕೊಟ್ಟ ತೋಟದ ಹಣದ ವ್ಯವಹಾರ ನೋಡಿಕೊಂಡವನು, ಸಹಕಾರ ಸಂಘದಲ್ಲಿ ಹಂಗಾಮಿಯಾಗಿ ಕಂಪ್ಯೂಟರ್ ಮುಂದೆ ಕುಳಿತವಳು ಎಲ್ಲರೂ ಇದನ್ನು ಮನೆಗೆಲಸದ ಸಾಲಿಗೆ ಸೇರಿಸಿ, ಅನುಭವದ ಅಂಕಣದಲ್ಲಿ ‘ಇಲ್ಲ’ ಎಂದು ಬರೆಯುತ್ತಾರೆ. ಬಳಿಕ ಆ ‘ಇಲ್ಲ’ವನ್ನು ತುಂಬಿಸಲು ಕಾಣದ ಕಂಪನಿಯ ಪತ್ರ ಕೊಳ್ಳುತ್ತಾರೆ. ಗ್ರಾಹಕರೊಂದಿಗೆ ಮಾತು, ನಗದು ಲೆಕ್ಕ, ಋತುಮಾನದ ಒತ್ತಡದಲ್ಲಿ ಹತ್ತಾರು ಜನರ ಕೆಲಸ ಹೊಂದಿಸುವುದು ಯಾವ ಕಚೇರಿಗೂ ಬೇಕಾದ ಕೌಶಲಗಳೇ.

ಇಂಥ ಅನುಭವಕ್ಕೆ ದಾಖಲೆ ಮಾಡಿಕೊಳ್ಳುವುದು ಕಷ್ಟವಲ್ಲ. ಮಾಲೀಕರಿಂದ ಒಂದು ಪತ್ರದಲ್ಲಿ ಆರಂಭ ಮತ್ತು ಮುಕ್ತಾಯದ ತಿಂಗಳು, ಮಾಡಿದ ಕೆಲಸ, ಅವರ ಸಹಿ ಮತ್ತು ನಿಜವಾದ ದೂರವಾಣಿ ಸಂಖ್ಯೆ ಇದ್ದರೆ ಸಾಕು. ಸಂಬಳ ಸಣ್ಣದಾದರೂ ಬ್ಯಾಂಕ್ ಖಾತೆಗೆ ಹಾಕಿಸಿಕೊಂಡರೆ ಗುರುತು ಉಳಿಯುತ್ತದೆ. ಪರಿಶೀಲನಾ ನಮೂನೆಯಲ್ಲಿ ‘ಸಣ್ಣ ಸಂಸ್ಥೆ, ಪಿ.ಎಫ್. ಇಲ್ಲ’ ಎಂದು ಮೊದಲೇ ತಿಳಿಸುವುದರಿಂದ ನಂತರದ ಅನುಮಾನ ತಪ್ಪುತ್ತದೆ. ಕುಟುಂಬದ್ದೇ ವ್ಯವಹಾರವಾಗಿದ್ದರೆ ಅದನ್ನೂ ಹಾಗೆಯೇ ಬರೆಯಬಹುದು.

ಈಗಾಗಲೇ ತಪ್ಪು ವಿವರ ಕಳುಹಿಸಿದವರು ನೇಮಕಾತಿ ಪತ್ರ ಕೈಸೇರುವ ಮುನ್ನ, ಪರಿಶೀಲನಾ ನಮೂನೆ ತುಂಬುವ ಹಂತದಲ್ಲಿ ಸರಿಪಡಿಸಿದ ಸ್ವವಿವರ ಸಲ್ಲಿಸಬಹುದು. ಆ ಕೆಲಸ ಕೈತಪ್ಪಬಹುದು. ಆದರೆ ವಂಚನೆಯ ಷರಾ ಬೀಳುವುದಿಲ್ಲ. ನಮೂನೆಗೆ ಸಹಿ ಹಾಕಿದ ನಂತರ ಈ ದಾರಿ ಬಹುತೇಕ ಮುಚ್ಚುತ್ತದೆ.

ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವವರು ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಗಳನ್ನು ಅಧಿಸೂಚನೆಯಲ್ಲಿರುವ ನಮೂನೆಯಲ್ಲೇ, ಓದಿದ ಪ್ರತಿ ಶಾಲೆಯಿಂದ ಪಡೆಯಬೇಕು. ಪ್ರಾಥಮಿಕ ಶಾಲೆ ಒಂದೂರು, ಪ್ರೌಢಶಾಲೆ ಇನ್ನೊಂದೂರಿನಲ್ಲಿ ಆಗಿರುವವರು ಎರಡು ಕಡೆಯೂ ಓಡಾಡಬೇಕಾಗುತ್ತದೆ. ಗ್ರಾಮೀಣ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲು ಸಹಿ ಬೇಕು. ನಿಟ್ಟೂರಿನ ಶಾಲೆಗಳಿಗೆ ಆ ಕಚೇರಿ ಇರುವುದು ಹೊಸನಗರದಲ್ಲಿ. ಅರ್ಜಿಯ ಕೊನೆಯ ದಿನಾಂಕದ ನಂತರ ಪಡೆದ ಪ್ರಮಾಣಪತ್ರ ತಿರಸ್ಕೃತವಾಗುವ ಸಂಭವವಿರುವುದರಿಂದ, ಅಧಿಸೂಚನೆ ಹೊರಬೀಳುವ ಮೊದಲೇ ಇವನ್ನು ಸಿದ್ಧವಿಟ್ಟುಕೊಳ್ಳುವುದು ಅನುಕೂಲ.